ಒಂದೂವರೆ ವರ್ಷ ಪ್ಯಾಕೆಟ್ ಅನ್ನ ಉಂಡವನ ಲೆಕ್ಕ

ಶಿವಮೊಗ್ಗದ ಎಪಿಎಂಸಿ ಯಾರ್ಡಿನ ಅಡಿಕೆ ಮಂಡಿಯೊಂದರಲ್ಲಿ ಲೆಕ್ಕ ಬರೆಯೋ ಕೆಲಸ ನಂದು. ಮನೆಯವಳಿಗೆ ಸಾಗರದ ಕಡೆ ಶಾಲೆಗೆ ವರ್ಗವಾದ ಮೇಲೆ ವಿನೋಬನಗರದ ಮನೇಲಿ ನಾನೊಬ್ಬನೇ. ಸುಗ್ಗಿಯಲ್ಲಿ ರಾಶಿ, ಬೆಟ್ಟೆ, ಗೊರಬಲು ಅಂತ ಬಗೆಬಗೆ ಅಡಿಕೆಯ ಚೀಟಿಗಳನ್ನೆಲ್ಲ ತಾಳೆ ಹಾಕಿ ಮನೆಗೆ ಬರೋ ಹೊತ್ತಿಗೆ ರಾತ್ರಿ ಒಂಬತ್ತೂವರೆ. ಆಮೇಲೆ ಒಬ್ಬನಿಗೋಸ್ಕರ ಕುಕ್ಕರ್ ಕೂಗಿಸೋಕೆ ಬೇಜಾರು. ಹಾಗೆ ಶುರುವಾಗಿದ್ದು ಈ ಬೇಯಿಸಿದ ಅನ್ನದ ಪ್ಯಾಕೆಟ್. ವಾರಕ್ಕೆ ಎರಡು ಮೂರು, ಮಳೆಗಾಲದಲ್ಲಿ ಇನ್ನೂ ಒಂದು ಜಾಸ್ತಿ.

ಮೊದಲು ಪೋಷಕಾಂಶದ ವಿಷಯ. ಯಾಕಂದ್ರೆ ಎಲ್ಲರೂ ಕೇಳೋದು ಅದನ್ನೇ, ಎಲ್ಲರೂ ತಪ್ಪು ಓದೋದೂ ಅದನ್ನೇ. ನನ್ನ ಪ್ಯಾಕೆಟ್ ಹಿಂದೆ 100 ಗ್ರಾಂಗೆ 150 ಕಿಲೋ ಕ್ಯಾಲೊರಿ, ಪ್ರೋಟೀನ್ 3 ಗ್ರಾಂ, ಕಾರ್ಬೋಹೈಡ್ರೇಟ್ 31 ಗ್ರಾಂ ಅಂತ ಇದೆ. ಅಕ್ಕಿ ಚೀಲದ ಮೇಲೆ ನೋಡಿದ್ರೆ ಅದೇ 100 ಗ್ರಾಂಗೆ 350ರ ಹತ್ತಿರ ಕ್ಯಾಲೊರಿ, 7 ಗ್ರಾಂ ಆಸುಪಾಸು ಪ್ರೋಟೀನ್. ಪಕ್ಕದ ಮಂಡಿಯ ಹುಡುಗ ಒಬ್ಬ ಇದನ್ನ ನೋಡಿ, "ಅಣ್ಣಾ, ಪ್ಯಾಕೆಟ್ಟಲ್ಲಿ ಸತ್ವವೆಲ್ಲ ತೆಗೆದುಬಿಡ್ತಾರೆ" ಅಂದ. ನಾನು ಹೇಳಿದೆ, ಮಾರಾಯ, ದಿನಾ ಹಸಿ ಅಡಿಕೆಗೂ ಒಣ ಅಡಿಕೆಗೂ ತೂಕ ನೋಡೋನು ನೀನು, ಇಷ್ಟು ಗೊತ್ತಾಗಲ್ವಾ? ಬೆಂದ ಅನ್ನದಲ್ಲಿ ಮೂರರಲ್ಲಿ ಎರಡು ಪಾಲು ನೀರು. ಸತ್ವ ಎಲ್ಲೂ ಹೋಗಿಲ್ಲ, ನೀರಿನ ತೂಕ ಸೇರಿದೆ ಅಷ್ಟೇ.

ಬಾಯಲ್ಲಿ ಹೇಳಿದ್ದು ಸಾಲದು ಅಂತ ಒಂದು ಭಾನುವಾರ ಅಡುಗೆಮನೆ ತಕ್ಕಡಿಯಲ್ಲಿ 90 ಗ್ರಾಂ ಸೋನಾ ಮಸೂರಿ ತೂಗಿ ಬೇಯಿಸಿದೆ. ಆದ ಅನ್ನ 255 ಗ್ರಾಂ. ಅಂದ್ರೆ 250 ಗ್ರಾಂ ಪ್ಯಾಕೆಟ್ಟಿನೊಳಗೆ ಇರೋದು ಒಂದು ಹಿಡಿ ಚಿಲ್ಲರೆ ಅಕ್ಕಿ. ಆ ಅಕ್ಕಿಗೆ ಅಂಗಡಿಯಲ್ಲಿ ಐದಾರು ರೂಪಾಯಿ. ಪ್ಯಾಕೆಟ್ಟಿಗೆ ನಾನು ಕೊಡೋದು 65. ಉಳಿದ 60 ರೂಪಾಯಿ ನನ್ನ ಸೋಮಾರಿತನದ ಕಂದಾಯ.

ಇನ್ನೊಂದು ಸೂಕ್ಷ್ಮ ಇದೆ. ದಪ್ಪ ಅಕ್ಷರದಲ್ಲಿ ಹಾಕಿರೋದು "ಒಂದು ಸರ್ವಿಂಗ್"ನ ಲೆಕ್ಕ, ಸರ್ವಿಂಗ್ ಅಂದ್ರೆ 125 ಗ್ರಾಂ. ಮಲೆನಾಡಲ್ಲಿ ಹುಟ್ಟಿದ ಯಾವನು ಅರ್ಧ ಪ್ಯಾಕೆಟ್ ಉಂಡು ಕೈ ತೊಳೀತಾನೆ? ಪೂರ್ತಿ ಉಂಡ್ರೆ 375 ಕ್ಯಾಲೊರಿ, ಏಳೂವರೆ ಗ್ರಾಂ ಪ್ರೋಟೀನ್. ನನ್ನ ತೂಕದವನಿಗೆ ದಿನಕ್ಕೆ ಐವತ್ತು ಗ್ರಾಂ ಮೇಲೆ ಪ್ರೋಟೀನ್ ಬೇಕು. ಅಕ್ಕಿಯ ಪ್ರೋಟೀನಲ್ಲಿ ಲೈಸಿನ್ (ಮೈಗೆ ಊಟದಿಂದಲೇ ಸಿಗಬೇಕಾದ ಒಂದು ಅಮೈನೋ ಆಮ್ಲ) ಕಡಿಮೆ, ಬೇಳೆಯಲ್ಲಿ ಅದು ಧಾರಾಳ. ಹಾಗಾಗಿ ಭಾನುವಾರವೇ ಹುರುಳಿ ಕಟ್ಟಿನ ಸಾರೋ ತೊವ್ವೆಯೋ ಮಾಡಿ ಡಬ್ಬಿ ಡಬ್ಬಿ ಫ್ರಿಜ್ಜಿಗೆ ಹಾಕಿಡ್ತೀನಿ. ಬರೀ ಅನ್ನ, ಉಪ್ಪಿನಕಾಯಿ, ಮಜ್ಜಿಗೆಯಲ್ಲಿ ಊಟ ಮುಗಿಸಿದ ತಿಂಗಳುಗಳೂ ಇವೆ. ಆಗ ರಾತ್ರಿ ಹನ್ನೊಂದಕ್ಕೆ ಮತ್ತೆ ಹಸಿವು, ಮತ್ತೆ ಬಿಸ್ಕತ್ತು. ಅದನ್ನ ಪ್ಯಾಕೆಟ್ಟಿನ ತಪ್ಪು ಅನ್ನೋಕಾಗಲ್ಲ.

"ಅಷ್ಟು ತಿಂಗಳು ಕೆಡದೆ ಇರ್ಬೇಕಾದ್ರೆ ಎಂತದೋ ಹಾಕಿರ್ತಾರೆ" ಅಂತ ಅಮ್ಮನ ತಕರಾರು. ನನ್ನ ಸಾದಾ ಪ್ಯಾಕೆಟ್ಟಲ್ಲಿ ಬರೆದಿರೋದು ನೀರು, ಅಕ್ಕಿ, ಸ್ವಲ್ಪ ಸೂರ್ಯಕಾಂತಿ ಎಣ್ಣೆ, ಅಷ್ಟೇ. ಗಾಳಿಯಾಡದ ಹಾಗೆ ಮುಚ್ಚಿದ ಚೀಲವನ್ನ ಒತ್ತಡದಲ್ಲಿ ಸುಮಾರು 121 ಡಿಗ್ರಿಗೆ ಕಾಯಿಸ್ತಾರೆ, ರೋಗಾಣುಗಳ ಬೀಜಕಣವೂ ಸಾಯುತ್ತೆ. ಕುಕ್ಕರಿನ ಅಣ್ಣ ಅಂದ್ಕೊಳ್ಳಿ. ಸೈನಿಕರ ಊಟಕ್ಕೆ ಇದೇ ವಿಧಾನದ ಮೇಲೆ ನಮ್ಮ ಮೈಸೂರಿನ ರಕ್ಷಣಾ ಆಹಾರ ಸಂಶೋಧನಾಲಯದವರು ತುಂಬಾ ಕೆಲಸ ಮಾಡಿದ್ದಾರೆ. ಅಷ್ಟು ಶಾಖಕ್ಕೆ ಬಿ1 ವಿಟಮಿನ್ ಒಂದಿಷ್ಟು ಹೋಗೋದು ನಿಜ. ಆದ್ರೆ ಪಾಲಿಶ್ ಮಾಡಿದ ಬಿಳಿ ಅಕ್ಕಿಯಲ್ಲಿ ಅದು ಮಿಲ್ಲಲ್ಲೇ ಮುಕ್ಕಾಲು ಪಾಲು ತೌಡಿನ ಜೊತೆ ಹೋಗಿರುತ್ತೆ. ಅಮ್ಮ ಅನ್ನ ಬಸಿಯೋದ್ರಿಂದ ಉಳಿದದ್ದೂ ತೆಳಿ ಸೇರಿ ಕೊಟ್ಟಿಗೆಯ ಎಮ್ಮೆಗೆ ಸಲ್ಲುತ್ತೆ. ಇದನ್ನ ಅವಳಿಗೆ ಹೇಳಿಲ್ಲ. ತೀರ್ಥಹಳ್ಳಿಯ ನಮ್ಮ ಮನೆಯ ಕುಚ್ಚಲಕ್ಕಿ ಗಂಜಿಗೆ ಮಾತ್ರ ಇದು ಸಾಟಿಯಲ್ಲ. ಭತ್ತವನ್ನೇ ಬೇಯಿಸೋದ್ರಿಂದ ಬಿ ವಿಟಮಿನ್ ಕಾಳಿನೊಳಗೆ ಇಳಿದು ಕೂರುತ್ತೆ, ಗಂಜಿಯಲ್ಲಿ ನೀರೂ ಚೆಲ್ಲಲ್ಲ.

ನಿಜವಾದ ತಕರಾರು ಇರೋದು ರುಚಿ ಹಾಕಿದ ಪ್ಯಾಕೆಟ್ಟುಗಳ ಮೇಲೆ. ಪುಲಾವ್ ಒಂದನ್ನ ಎರಡು ತಿಂಗಳು ತಿಂದೆ, ಆಮೇಲೆ ಹಿಂದೆ ಓದಿದೆ: 100 ಗ್ರಾಂಗೆ ಸೋಡಿಯಂ 380 ಮಿಲಿಗ್ರಾಂ. ಪೂರ್ತಿ ಪ್ಯಾಕೆಟ್ಟಿಗೆ 950. ಸೋಡಿಯಂ ಲೆಕ್ಕವನ್ನ ಉಪ್ಪಿನ ಲೆಕ್ಕಕ್ಕೆ ತರೋಕೆ ಎರಡೂವರೆಯಿಂದ ಗುಣಿಸಿದ್ರೆ ಹತ್ತಿರ ಹತ್ತಿರ 2.4 ಗ್ರಾಂ ಉಪ್ಪು. ವಿಶ್ವ ಆರೋಗ್ಯ ಸಂಸ್ಥೆ ಇಡೀ ದಿನಕ್ಕೆ ಹೇಳೋದು 5 ಗ್ರಾಂಗಿಂತ ಕಡಿಮೆ. ಅದರ ಮೇಲೆ ನಾನು ಮಿಡಿ ಉಪ್ಪಿನಕಾಯಿ ಬೇರೆ ನಂಚ್ಕೋತಿದ್ದೆ! ಸಾದಾ ಅನ್ನದಲ್ಲಿ ಸೋಡಿಯಂ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಅವತ್ತಿಂದ ಪುಲಾವ್ ಬಂದ್.

ಅಪ್ಪಯ್ಯನಿಗೆ ಸಕ್ಕರೆ ಕಾಯಿಲೆ. ಬಂದಾಗ ಒಂದು ರಾತ್ರಿ ಇದನ್ನೇ ಬಡಿಸಿದೆ. ಬೆರಳಲ್ಲಿ ಅಗುಳು ಒತ್ತಿ ನೋಡಿ, "ಎಂತದಾ ಇದು, ಮದುವೆಮನೆ ಅಕ್ಷತೆ ಥರ ಇದ್ಯಲ" ಅಂದ್ರು. ಊಟವಾಗಿ ಎರಡು ಗಂಟೆಗೆ ಮೀಟರಲ್ಲಿ ನೋಡಿದ್ರೆ 188. ಮಾರನೇ ರಾತ್ರಿ ಅಷ್ಟೇ ತೂಕದ ಮನೆ ಅನ್ನ, ಅದೇ ಸಾರು: 196. ಎರಡೂ ಒಂದೇ ಅಂತಲೇ ನಾನು ತಿಳ್ಕೊಂಡಿದ್ದು. ಸಕ್ಕರೆಯವರಿಗೆ ಸರಿ ಅಂತ ಯಾರಾದ್ರೂ ಇದನ್ನ ಮಾರೋಕೆ ಬಂದ್ರೆ ನಂಬಬೇಡಿ, ಬಿಳಿ ಅನ್ನ ಬಿಳಿ ಅನ್ನವೇ.

ಬಳಕೆಯಲ್ಲಿ ಎರಡು ಮಾತು. ನನ್ನದು ಒಳಗೆ ಅಲ್ಯೂಮಿನಿಯಂ ಹಾಳೆ ಇರೋ ಚೀಲ, ಮೈಕ್ರೋವೇವಿಗೆ ಹಾಕೋ ಹಾಗಿಲ್ಲ. ಕುದಿಯೋ ನೀರಲ್ಲಿ ಏಳೆಂಟು ನಿಮಿಷ ಮುಳುಗಿಸಿಡಬೇಕು. ಆಷಾಢದಲ್ಲಿ ದಿನಗಟ್ಟಲೆ ಕರೆಂಟ್ ಇಲ್ಲದಾಗ ಇದೇ ಅನುಕೂಲ ಆಯ್ತು. ತಣ್ಣಗೆ ತಿನ್ನೋಕೆ ಹೋಗಬೇಡಿ, ತಣಿದ ಪಿಷ್ಟ ಬಿರುಸಾಗಿ ಅಕ್ಷತೆಯೇ ಆಗುತ್ತೆ. ಒಂದು ಸಲ ಉಬ್ಬಿದ ಚೀಲ ಬಂತು, ಕತ್ತರಿ ತಾಗಿಸಿದ ಕೂಡಲೇ ಹುಳಿ ವಾಸನೆ. ಕಂಪನಿಗೆ ಫೋನ್ ಮಾಡಿದ್ರೆ ಬ್ಯಾಚ್ ನಂಬರ್, ಫೋಟೋ ಎಲ್ಲ ಕೇಳಿ ಹದಿನೈದು ದಿನಕ್ಕೆ ಒಂದು ಡಿಸ್ಕೌಂಟ್ ಕೂಪನ್ ಕಳಿಸಿದ್ರು, ಯಾಕೆ ಹಾಗಾಯ್ತು ಅಂತ ಒಂದಕ್ಷರ ಇಲ್ಲ. ಅದಕ್ಕೇ ಐದಕ್ಕೆ ಮೂರು ಸ್ಟಾರ್. ಉಬ್ಬಿದ್ದನ್ನ ಬಿಸಿ ಮಾಡಿ ತಿನ್ನೋ ಧೈರ್ಯ ಬೇಡ, ಸೀದಾ ಎಸೀರಿ.

ಖಾಲಿ ಚೀಲಗಳನ್ನ ಗುಜರಿಯವನೂ ಮುಟ್ಟಲ್ಲ. ತೊಳೆದು ಒಟ್ಟಿದ್ದೆ, ನಲವತ್ತರ ಮೇಲಿತ್ತು. ಅಮ್ಮ ಹೋದ ಸಲ ಬಂದಾಗ ಎಲ್ಲವನ್ನೂ ಕಟ್ಟಿಕೊಂಡು ಹೋದಳು. ಈಗ ಅದರ ತಳಕ್ಕೆ ತೂತು ಹೊಡೆದು ಮಣ್ಣು ತುಂಬಿ ಕಾಳುಮೆಣಸಿನ ಬಳ್ಳಿ ಊರಿದ್ದಾಳೆ.