ಗ್ಲೋಬಲ್ ಫಿಶಿಂಗ್ ವಾಚ್ ಮ್ಯಾಪ್ ರಿವ್ಯೂ: ಖಾಲಿ ಕಾಣೋ ಸಮುದ್ರಾನ ನಂಬಬೇಡಿ

ಯಾವ ಹಡಗು ಎಲ್ಲಿ ಮೀನು ಹಿಡೀತಿದೆ ಅಂತ ಕೂತಲ್ಲೇ ನೋಡೋಕಾಗತ್ತಾ ಅಂದ್ರೆ, ದೊಡ್ಡ ಹಡಗುಗಳ ಮಟ್ಟಿಗೆ ಆಗತ್ತೆ, ಅದೂ ದುಡ್ಡು ಕೊಡದೆ. ಓಷಿಯಾನಾ, ಸ್ಕೈಟ್ರೂತ್ ಅನ್ನೋ ಎರಡು ಪರಿಸರ ಸಂಸ್ಥೆಗಳು, ಗೂಗಲ್ ಮೂರೂ ಸೇರಿ ಕಟ್ಟಿ 2016ರಲ್ಲಿ ಗ್ಲೋಬಲ್ ಫಿಶಿಂಗ್ ವಾಚ್ ಅನ್ನೋ ಈ ಮ್ಯಾಪ್‌ನ ಎಲ್ಲರಿಗೂ ಬಿಟ್ರು, ಈಗ ಅದನ್ನ ನಡೆಸೋದು ಅದೇ ಹೆಸರಿನ ಸ್ವತಂತ್ರ ಲಾಭರಹಿತ ಸಂಸ್ಥೆ. ಸುಮ್ನೆ ನೋಡೋಕೆ ಲಾಗಿನ್ನೂ ಬೇಡ, ಡೇಟಾ ಡೌನ್‌ಲೋಡ್ ಬೇಕಂದ್ರೆ ಮಾತ್ರ ಫ್ರೀ ಅಕೌಂಟ್ ಮಾಡ್ಕೋಬೇಕು. ಮೀನುಗಾರಿಕೆ ನೀತಿ ಬಗ್ಗೆ ಬರೆಯೋರು, ಓದೋರು, ವಾದ ಮಾಡೋರು ಎಲ್ಲರೂ ಒಂದ್ಸಲ ಇದನ್ನ ತೆರೆದು ನೋಡ್ಲೇಬೇಕು ಅನ್ನೋದು ನನ್ನ ಅಭಿಪ್ರಾಯ.

ಇದು ಕೆಲಸ ಮಾಡೋದು ಹೇಗೆ ಅಂದ್ರೆ, ಹಡಗುಗಳು ಒಂದಕ್ಕೊಂದು ಡಿಕ್ಕಿ ಹೊಡೀಬಾರ್ದು ಅಂತ ಎಐಎಸ್ ಅನ್ನೋ ಸಾಧನ ಇಟ್ಕೊಂಡಿರ್ತವೆ, ಅದು ಹಡಗಿನ ಗುರುತು, ಜಾಗ, ವೇಗ ಎಲ್ಲಾನೂ ರೇಡಿಯೋದಲ್ಲಿ ಹೇಳ್ತಾನೇ ಇರತ್ತೆ, ಅದನ್ನ ಸ್ಯಾಟಲೈಟ್ ಹಿಡ್ಕೊಳ್ಳತ್ತೆ, ಆಮೇಲೆ ಮಷೀನ್ ಲರ್ನಿಂಗ್ ಮಾಡೆಲ್ ಒಂದು ಆ ಓಡಾಟ ನೋಡಿ ಇದು ಮೀನು ಹಿಡೀತಿದೆಯಾ ಇಲ್ಲಾ ಬರೀ ದಾಟಿ ಹೋಗ್ತಿದೆಯಾ ಅಂತ ಅಂದಾಜು ಮಾಡತ್ತೆ. ಹಡಗಿನ ಜಾಡು ತೆಗೆದು ನೋಡ್ತಾ ಹೋದ್ರೆ ನಮಗೂ ಗೊತ್ತಾಗೋಕೆ ಶುರುವಾಗತ್ತೆ. ಟ್ರಾಲರ್ ಆದ್ರೆ ಹೊಲ ಉತ್ತ ಹಾಗೆ ಅದೇ ಜಾಗದಲ್ಲಿ ನಿಧಾನಕ್ಕೆ ಹಿಂದೆ ಮುಂದೆ ಗೆರೆ ಎಳೀತಾ ಇರತ್ತೆ, ಲಾಂಗ್‌ಲೈನರ್ ಆದ್ರೆ ಗಾಳದ ಹಗ್ಗ ಬಿಡ್ತಾ ಉದ್ದಕ್ಕೆ ಹೋಗಿ, ಕಾದು, ಆಮೇಲೆ ಹಗ್ಗ ಎಳ್ಕೊಳ್ತಾ ನಿಧಾನಕ್ಕೆ ವಾಪಸ್ ಬರತ್ತೆ.

ನನಗೆ ಅತಿ ಉಪಯೋಗ ಅನ್ಸಿದ್ದು ಎನ್‌ಕೌಂಟರ್ ಅನ್ನೋ ಲೇಯರ್. ದಡದಿಂದ ದೂರದಲ್ಲಿ ಎರಡು ಹಡಗು 500 ಮೀಟರ್ ಒಳಗೆ ಎರಡು ಗಂಟೆಗಿಂತ ಜಾಸ್ತಿ ಹೊತ್ತು ನಿಧಾನಕ್ಕೆ ಜೊತೆಗಿದ್ರೆ ಅಲ್ಲೊಂದು ಗುರುತು ಬೀಳತ್ತೆ. ಅದರಲ್ಲಿ ಒಂದು ಫ್ರೀಜರ್ ಇರೋ ಸಾಗಣೆ ಹಡಗಾಗಿದ್ರೆ ನಡು ಸಮುದ್ರದಲ್ಲೇ ಮೀನು ಕೈ ಬದಲಾಗಿರೋ ಸಾಧ್ಯತೆ ಇದೆ. ಇದೆಲ್ಲಾ ಕಾನೂನುಬಾಹಿರ ಅಂತಲ್ಲ, ಆದ್ರೆ ಬೇರೆ ಬೇರೆ ಹಡಗಿನ ಮೀನು ಒಟ್ಟಿಗೆ ಸೇರಿಬಿಟ್ರೆ ಆಮೇಲೆ ಯಾವುದು ಎಲ್ಲಿ ಹಿಡಿದದ್ದು ಅಂತ ಪತ್ತೆ ಮಾಡೋದು ತುಂಬಾ ಕಷ್ಟ, ಹಡಗು ಬಂದರಿಗೇ ಬರದೆ ತಿಂಗಳುಗಟ್ಟಲೆ ಇದ್ರೆ ಅದರಲ್ಲಿ ದುಡಿಯೋರ ಪಾಡು ಯಾರಿಗೂ ತಿಳಿಯಲ್ಲ. ಬಂದರಿನಲ್ಲೇ ತಪಾಸಣೆ ಮಾಡಿ ಕಳ್ಳ ಮೀನಿಗೆ ಬಾಗಿಲು ಹಾಕೋ ಅಂತರರಾಷ್ಟ್ರೀಯ ಒಪ್ಪಂದ 2016ರಿಂದ ಜಾರಿಯಲ್ಲಿದೆ, ಆ ತಪಾಸಣೆ ಮಾಡೋರಿಗೆ ಹಡಗು ಬಂದರು ಮುಟ್ಟೋ ಮೊದಲೇ ಅದರ ಹಿಂದಿನ ಓಡಾಟ ಸಿಗತ್ತೆ ಅಂದ್ರೆ ಅದು ಸಣ್ಣ ವಿಷಯ ಅಲ್ಲ.

ಈಗ ಕೊರತೆಗೆ ಬರೋಣ, ಇದೇ ಮುಖ್ಯ. ಮ್ಯಾಪ್‌ನಲ್ಲಿ ಒಂದು ಜಾಗ ಖಾಲಿ ಕಂಡ್ರೆ ಅಲ್ಲಿ ಮೀನುಗಾರಿಕೆ ಇಲ್ಲ ಅಂತ ಅಂದ್ಕೋಬಾರ್ದು. ಸಣ್ಣ ದೋಣಿಗಳಲ್ಲಿ ಎಐಎಸ್ ಬಹುತೇಕ ಇರೋದೇ ಇಲ್ಲ, ದೊಡ್ಡದರಲ್ಲಿದ್ರೂ ಆಫ್ ಮಾಡ್ಬೋದು, ಕಡಲ್ಗಳ್ಳರ ಭಯಕ್ಕೆ ಆಫ್ ಮಾಡೋರೂ ಇದ್ದಾರೆ, ಕದಿಯೋಕೆ ಮಾಡೋರೂ ಇದ್ದಾರೆ. ಇದೇ ಸಂಸ್ಥೆಯವರು ಎಐಎಸ್ ಇಲ್ಲದ ಹಡಗನ್ನೂ ತೋರಿಸೋ ರೇಡಾರ್ ಸ್ಯಾಟಲೈಟ್ ಚಿತ್ರ ಇಟ್ಕೊಂಡು ಮಾಡಿದ ಅಧ್ಯಯನ 2024ರಲ್ಲಿ ನೇಚರ್ ಪತ್ರಿಕೇಲಿ ಬಂತು, ಅದರ ಪ್ರಕಾರ ಕೈಗಾರಿಕಾ ಮೀನುಗಾರಿಕೆ ಹಡಗುಗಳಲ್ಲಿ ಸುಮಾರು ಮುಕ್ಕಾಲು ಪಾಲು ಸಾರ್ವಜನಿಕ ಟ್ರ್ಯಾಕಿಂಗ್‌ಗೇ ಸಿಗ್ತಿಲ್ಲ. ತಮ್ಮದೇ ಮ್ಯಾಪ್‌ನಲ್ಲಿ ಏನು ಕಾಣಲ್ಲ ಅಂತ ತಾವೇ ಲೆಕ್ಕ ಹಾಕಿ ಹೇಳಿದ್ದಾರಲ್ಲ, ಅದಕ್ಕೇ ನನಗೆ ಇವರ ಮೇಲೆ ನಂಬಿಕೆ ಜಾಸ್ತಿ ಆಗಿದ್ದು. 2020ರಲ್ಲೂ ಹಾಗೇ, ಉತ್ತರ ಕೊರಿಯಾದ ನೀರಲ್ಲಿ 2017ರಲ್ಲಿ ಚೀನಾ ಮೂಲದ 900ಕ್ಕೂ ಹೆಚ್ಚು ಹಡಗು ಮೀನು ಹಿಡೀತಿದ್ವು ಅಂತ ರೇಡಾರ್, ರಾತ್ರಿ ದೀಪದ ಬೆಳಕು ಎಲ್ಲಾ ಸೇರಿಸಿ ತೋರಿಸಿದ್ರು.

ಇನ್ನೊಂದು, ಎಷ್ಟು ಹಿಡಿದ್ರು, ಯಾವ ಮೀನು, ಲೈಸೆನ್ಸ್ ಇತ್ತಾ, ಹಡಗಿನ ನಿಜವಾದ ಮಾಲೀಕ ಯಾರು, ಇದ್ಯಾವುದಕ್ಕೂ ಆ ಜಾಡು ನೋಡಿದ್ರೆ ಉತ್ತರ ಸಿಗಲ್ಲ. ಆದ್ರಿಂದ ಒಂದು ಚುಕ್ಕಿ ನೋಡಿ ಕಳ್ಳ ಅಂತ ಪೋಸ್ಟ್ ಹಾಕೋದು ದಯವಿಟ್ಟು ಬೇಡ. ಲೈವ್ ಕೂಡ ಅಲ್ಲ, ಕೆಲವು ದಿನ ಹಿಂದಿನದ್ದು ಕಾಣತ್ತೆ.

ಮತ್ತೆ ಕಂಡ ಮಾತ್ರಕ್ಕೆ ಸಮುದ್ರ ಉಳಿಯಲ್ಲ. ಪೆಸಿಫಿಕ್ ಸಾಗರದ ಕಿರಿಬಾತಿ ದೇಶದವರು ಫೀನಿಕ್ಸ್ ದ್ವೀಪಗಳ ಸಂರಕ್ಷಿತ ಪ್ರದೇಶದಲ್ಲಿ 2015ರ ಜನವರಿ 1ರಿಂದ ವಾಣಿಜ್ಯ ಮೀನುಗಾರಿಕೆ ನಿಲ್ಲಿಸಿದ್ರು, ಹಡಗುಗಳು ಜಾಗ ಖಾಲಿ ಮಾಡಿದ್ದು ಡೇಟಾದಲ್ಲಿ ಚೆನ್ನಾಗಿ ಕಾಣತ್ತೆ, ಅದೇ ವರ್ಷ ಆ ಪ್ರದೇಶದ ಒಳಗೆ ಮೀನು ಹಿಡಿದ ಒಂದು ಹಡಗು ಸಿಕ್ಕಿಬಿದ್ದು ದಂಡಾನೂ ಕಟ್ತು. ಆದ್ರೆ 2021ರಲ್ಲಿ ಅದೇ ಸರ್ಕಾರ ಆದಾಯ ಬೇಕು ಅಂತ ಮತ್ತೆ ತೆರೀತೀವಿ ಅಂತ ಘೋಷಿಸ್ತು. ಬಡ ದೇಶ, ಮೀನಿನ ಲೈಸೆನ್ಸ್ ಫೀಸೇ ದೊಡ್ಡ ಆದಾಯ, ಅವರನ್ನ ಬೈಯೋಕೆ ನನಗೆ ಮನಸ್ಸಿಲ್ಲ, ಮುಚ್ಚಿದ್ದಕ್ಕೆ ಆಗೋ ನಷ್ಟಾನ ಉಳಿದ ದೇಶಗಳೂ ಹಂಚ್ಕೋಬೇಕಿತ್ತು. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ಎಫ್‌ಎಒದ 2024ರ ವರದಿ ಪ್ರಕಾರ ಲೆಕ್ಕಕ್ಕೆ ಸಿಕ್ಕಿರೋ ಮೀನಿನ ಸಂಗ್ರಹಗಳಲ್ಲಿ ಶೇ. 37.7 ಮಿತಿ ಮೀರಿ ಹಿಡಿದು ಸೊರಗಿವೆ, ಇಂಥ ಹೊತ್ತಲ್ಲಿ ಈ ಭಾರ ಒಂದು ಪುಟ್ಟ ದೇಶದ ತಲೆ ಮೇಲೆ ಹೊರಿಸಿದ್ರೆ ಹೇಗೆ?

ಒಟ್ಟು ಐದಕ್ಕೆ ನಾಲ್ಕು ಸ್ಟಾರ್ ಕೊಡ್ತೀನಿ. ಒಂದು ಕಮ್ಮಿ ಆಗಿದ್ದರಲ್ಲಿ ಇವರ ತಪ್ಪು ಕಡಿಮೆ, ಯಾಕಂದ್ರೆ ಸುಮಾರು ಸರ್ಕಾರಗಳ ಹತ್ರ ವಿಎಂಎಸ್ ಅನ್ನೋ ತಮ್ಮದೇ ಟ್ರ್ಯಾಕಿಂಗ್ ಡೇಟಾ ಇದೆ, ಅದನ್ನ ಬೀಗ ಹಾಕಿ ಇಟ್ಕೊಂಡಿದ್ದಾರೆ. 2017ರಲ್ಲಿ ಇಂಡೋನೇಷ್ಯಾ ಮೊದಲು ಇಲ್ಲಿ ಹಂಚ್ಕೊಳ್ತು, ಆಮೇಲೆ ಪೆರು ಬಂತು. ಮೊದಲ ಸಲ ತೆರೆಯೋರು ಇಡೀ ಪ್ರಪಂಚ ನೋಡ್ತಾ ಕೂರಬೇಡಿ, ಒಂದು ಸಂರಕ್ಷಿತ ಪ್ರದೇಶ ಆರಿಸ್ಕೊಂಡು ಅದರ ಗಡಿ ಲೇಯರ್ ಆನ್ ಮಾಡಿ, ಕೆಳಗಿನ ಟೈಮ್‌ಲೈನ್‌ನ ನಿಷೇಧ ಬರೋ ಹಿಂದಿನ ವರ್ಷಕ್ಕೂ ಆಮೇಲಿನ ವರ್ಷಕ್ಕೂ ಎಳೆದು ಹೋಲಿಸಿ ನೋಡಿ, ಜೊತೆಗೆ ರೇಡಾರ್ ಲೇಯರ್ರೂ ಹಾಕ್ಕೊಳ್ಳಿ.