ಎರಡು ಪಾಯಿಂಟಿಗೆ ಹನ್ನೊಂದು ತಿಂಗಳು

ಸೇವೆ: ಇಂಗ್ಲೆಂಡಿನ ಪಿಪ್ ಮೇಲ್ಮನವಿ. ವಿಚಾರಣೆಗೆ ಐದಕ್ಕೆ ಐದು ಕೊಡುತ್ತೇನೆ. ಕಾಯಿಸಿದ್ದಕ್ಕೆ ಸೊನ್ನೆ. ಸರಾಸರಿ ನೀವೇ ಹಾಕಿಕೊಳ್ಳಿ.

ಪಿಪ್ ಅಂದರೆ ಪರ್ಸನಲ್ ಇಂಡಿಪೆಂಡೆನ್ಸ್ ಪೇಮೆಂಟ್, ದೀರ್ಘ ಕಾಯಿಲೆಯೋ ಅಂಗವೈಕಲ್ಯವೋ ಇರುವವರಿಗೆ ಸರ್ಕಾರ ಕೊಡುವ ಹಣ. ಅಡುಗೆ, ಸ್ನಾನ, ಬಟ್ಟೆ ಹಾಕಿಕೊಳ್ಳುವುದು, ಹೀಗೆ ದಿನನಿತ್ಯದ 10 ಕೆಲಸಗಳನ್ನು ನೋಡಿ ಪಾಯಿಂಟ್ ಹಾಕುತ್ತಾರೆ. 8 ಬಂದರೆ ವಾರಕ್ಕೆ ಹಣ, 2025-26ರಲ್ಲಿ ಅದು 73.90 ಪೌಂಡ್ ಇತ್ತು. ನನ್ನ ಹೆಂಡತಿಗೆ ಸಂಧಿವಾತ. 2024ರ ಆಗಸ್ಟ್‌ನಲ್ಲಿ ಬಂದ ಪತ್ರದಲ್ಲಿ ಇದ್ದದ್ದು 6. ಕೂತು ತರಕಾರಿ ಹೆಚ್ಚುವ ಸ್ಟೂಲಿಗೆ 2, ಸ್ನಾನದ ಕುರ್ಚಿಗೆ 2, ಬಟ್ಟೆ ಹಾಕಿಕೊಳ್ಳುವ ಕೋಲಿಗೆ 2. ಕಮೋಡ್ ಪಕ್ಕ ಗೋಡೆಗೆ ಹಾಕಿಸಿದ ಹಿಡಿಕೆ ಮಾತ್ರ ಲೆಕ್ಕಕ್ಕೇ ಬರಲಿಲ್ಲ.

ನೇರವಾಗಿ ಮೇಲ್ಮನವಿ ಹಾಕುವಂತಿಲ್ಲ. ಮೊದಲು ಅದೇ ಇಲಾಖೆಗೆ 'ಇನ್ನೊಮ್ಮೆ ನೋಡಿ' ಅಂತ ಬರೆಯಬೇಕು. ಬರೆಯಲು ನಮಗೆ ಒಂದು ತಿಂಗಳ ಗಡುವು, ಉತ್ತರಿಸಲು ಅವರಿಗೆ ಕಾನೂನಿನ ಗಡುವೇ ಇಲ್ಲ! ಕೊನೆಗೆ ಬಂದ ಉತ್ತರ ಹಳೇ ಪತ್ರದ್ದೇ ಪಡಿಯಚ್ಚು.

ಆನ್‌ಲೈನ್ ಮೇಲ್ಮನವಿ ಫಾರ್ಮ್ ಮಾತ್ರ ಚೆನ್ನಾಗಿದೆ. ಶುಲ್ಕವಿಲ್ಲ, ವಕೀಲರು ಬೇಕಿಲ್ಲ. ಆಮೇಲೆ ಶುರು ಕಾಯುವಿಕೆ. ದಿನಾ ಬೆಳಿಗ್ಗೆ ಅವಳು ಫೋನಿನಲ್ಲಿ ಸ್ಥಿತಿ ನೋಡುವಳು. ಅದೇ ಒಂದು ಸಾಲು.

ಇದರ ಮಧ್ಯೆ ಇನ್ನೊಂದು ತಮಾಷೆ. ಪಿಪ್ ನಿಯಮ ಬಿಗಿ ಮಾಡುವ ಮಸೂದೆ 2025ರ ಜೂನ್ 18ಕ್ಕೆ ಸಂಸತ್ತಿಗೆ ಬಂತು. ಯಾವುದಾದರೂ ಒಂದು ಕೆಲಸದಲ್ಲಿ ಕನಿಷ್ಠ 4 ಪಾಯಿಂಟ್ ಇರಲೇಬೇಕು ಅನ್ನುವುದು ಅದರ 5ನೇ ಕಲಮು. ಅಂಗವಿಕಲರನ್ನೇ ಸರಿಯಾಗಿ ಕೇಳಿಲ್ಲ ಅಂತ ಆಳುವ ಪಕ್ಷದ 120ಕ್ಕೂ ಹೆಚ್ಚು ಸಂಸದರು ತಕರಾರು ಎತ್ತಿದರು. ಜುಲೈ 1ರಂದು ಚರ್ಚೆ ನಡೆಯುತ್ತಿದ್ದಾಗಲೇ ಸಚಿವ ಸ್ಟೀಫನ್ ಟಿಮ್ಸ್ ಎದ್ದು, ಆ ಕಲಮನ್ನು ತೆಗೆಯುತ್ತೇವೆ ಅಂದರು. ಕೆಲವೇ ಹೊತ್ತಿನಲ್ಲಿ ಮತದಾನ: 335 ಪರ, 260 ವಿರೋಧ. ಉಳಿದ ಹಂತಗಳೆಲ್ಲ ಜುಲೈ 9ರ ಒಂದೇ ದಿನ ಮುಗಿದವು. ಹಣಕಾಸು ಮಸೂದೆ ಅಂತ ಮುದ್ರೆ ಬಿದ್ದದ್ದರಿಂದ ಮೇಲ್ಮನೆ ತಿದ್ದುವಂತೆಯೂ ಇರಲಿಲ್ಲ. ಕೆಳಮನೆಯಲ್ಲಿ ಮೂರು ವಾರಕ್ಕೆ ಒಂದು ಮಸೂದೆ. ನಮ್ಮ ಹಿಡಿಕೆಗೆ ಹನ್ನೊಂದು ತಿಂಗಳು.

ವಿಚಾರಣೆ ಜುಲೈ 3ಕ್ಕೆ. ಚಿಕ್ಕ ಕೋಣೆ, ಮೂವರು: ನ್ಯಾಯಾಧೀಶೆ, ಒಬ್ಬ ಡಾಕ್ಟರ್, ಅಂಗವೈಕಲ್ಯದ ಬಗ್ಗೆ ತಿಳಿದ ಇನ್ನೊಬ್ಬರು. ಇವಳ ಕೈ ನಡುಗುತ್ತಿತ್ತು. ಡಾಕ್ಟರ್ ಕೇಳಿದ್ದು ಇಷ್ಟೇ: 'ಹಿಡಿಕೆ ಇಲ್ಲದ ಕಡೆ ಹೋದಾಗ ಏನು ಮಾಡುತ್ತೀರಿ?' ಇವಳು ಸ್ವಲ್ಪ ಹೊತ್ತು ಸುಮ್ಮನಿದ್ದು, 'ಹೋಗುವುದೇ ಇಲ್ಲ' ಅಂದಳು. ಅದನ್ನು ನಾನೂ ಅವತ್ತೇ ಕೇಳಿದ್ದು. ಮದುವೆಯಾಗಿ 22 ವರ್ಷ, ನೋಡಿ.

ಇಪ್ಪತ್ತು ನಿಮಿಷ ಹೊರಗೆ ಕೂರಿಸಿ ಮತ್ತೆ ಕರೆದರು. ಹಿಡಿಕೆಗೆ 2, ಒಟ್ಟು 8. ನಾಲ್ಕೂ ಎರಡೆರಡೇ. ಆ 5ನೇ ಕಲಮು ಉಳಿದಿದ್ದರೆ ಮುಂದೆ ಇಂಥ 8 ಇದ್ದವರಿಗೆ ಏನೂ ಸಿಗುತ್ತಿರಲಿಲ್ಲ ಅಲ್ವಾ?

ಬಾಕಿ ಹಣ ಪೂರ್ತಿ ಬಂತು. ಅರ್ಜಿ ಹಾಕುವವರಿಗೆ ಒಂದು ಮಾತು: ಮನೆಯಲ್ಲಿರುವ ಹಿಡಿಕೆ, ಸ್ಟೂಲು, ಕುರ್ಚಿ ಎಲ್ಲದರ ಫೋಟೋ ಮೊದಲ ಫಾರ್ಮ್ ಜೊತೆಗೇ ಕಳಿಸಿ. ನಾವು ಕಳಿಸಿರಲಿಲ್ಲ.