ಹಳೆಯ ಎಂಜಿಬಿ ಕಾರಿನೊಳಗೆ ಕಣ್ಣಿಗೆ ಕಾಣದ ಸ್ಪೀಕರ್: ಕೊಡಗಿನ ಮಳೆ ಕಂಡ ಮೇಲೆ ಬರೆದ ವಿಮರ್ಶೆ

ಮೊದಲೇ ಹೇಳಿಬಿಡುತ್ತೇನೆ. ಮನೆಯಲ್ಲಿ ಕೇಳಿದ ಹಾಗೆಯೇ ಕಾರಿನಲ್ಲೂ ಹಾಡು ಕೇಳಬೇಕು ಅನ್ನುವವರು ಟಾಪ್ ತೆಗೆದು ಓಡಿಸುವ ಹಳೆಯ ಗಾಡಿಗೆ ಸುಮ್ನೆ ದುಡ್ಡು ಸುರಿಯಬೇಡಿ. ಡ್ಯಾಶ್‌ಬೋರ್ಡ್‌ಗೆ ಒಂದು ತೂತೂ ಕೊರೆಯಬಾರದು, ನೋಡಿದವರಿಗೆ ಗೊತ್ತೇ ಆಗಬಾರದು, ತೋಟದ ರಸ್ತೆಯಲ್ಲಿ ನಿಧಾನಕ್ಕೆ ಹೋಗುವಾಗ ನಾಲ್ಕು ಹಾಡು ಕೇಳಿದರೆ ಸಾಕು ಅನ್ನುವವರಿಗೆ ಮಾತ್ರ ಈ ಬರಹ.

ನಮ್ಮದು 1965ರ ಎಂಜಿಬಿ ರೋಡ್‌ಸ್ಟರ್, ಅಂದರೆ ಟಾಪ್ ತೆಗೆಯುವ ಎರಡು ಸೀಟಿನ ಬ್ರಿಟಿಷ್ ಕಾರು, 1798 ಸಿಸಿ. ಮಾವನ ಕಾಲದಿಂದ ಗೋಣಿಕೊಪ್ಪದ ಹತ್ತಿರದ ತೋಟದ ಶೆಡ್ಡಿನಲ್ಲೇ ಇದೆ. ಅದಕ್ಕೆ ಹಾಕಿಸಿದ್ದು ನಾಲ್ಕು ಚಾನೆಲ್‌ನ ಚಿಕ್ಕ ಬ್ಲೂಟೂತ್ ಆಂಪ್ಲಿಫೈಯರ್. ಅಂಗೈ ಅಗಲವೂ ಇಲ್ಲ, ಡ್ಯಾಶ್ ಹಿಂದೆ ಕೂತಿದೆ. ಗೇರ್ ಲಿವರ್ ಮುಂದೆ ಮೊದಲಿನಿಂದಲೂ ಇದ್ದ ಜಾಲರಿಯ ಹಿಂದೆ ಡ್ಯುಯಲ್ ವಾಯ್ಸ್ ಕಾಯಿಲ್ ಸ್ಪೀಕರ್ ಒಂದು. ಅಂದರೆ ಒಂದೇ ಕೋನ್, ಎರಡು ಕಾಯಿಲ್. ಎಡ ಬಲ ಎರಡೂ ಚಾನೆಲ್ ಅದರಲ್ಲೇ ಬರುತ್ತವೆ. ಕಾಲಿಡುವ ಜಾಗದ ಅಕ್ಕಪಕ್ಕ ಒಂದೊಂದು ನಾಲ್ಕಿಂಚಿನ ಸ್ಪೀಕರ್, ತೆಳು ಪ್ಲೈವುಡ್ ಮೇಲೆ, ಸೀಟಿನ ಬಣ್ಣದ್ದೇ ಕಪ್ಪು ರೆಕ್ಸಿನ್ ಹೊದಿಸಿ. ಡ್ಯಾಶ್ ನಡುವೆ ರೇಡಿಯೊ ಜಾಗ ಮುಚ್ಚುವ ಪಟ್ಟಿ ಇದೆಯಲ್ಲ, ಅದನ್ನು ಮುಟ್ಟಿಲ್ಲ.

ಅಲ್ಲಿ ರೇಡಿಯೊ ಯಾಕೆ ಹಾಕಿಸಲಿಲ್ಲ ಅಂತ ಎಲ್ಲರೂ ಕೇಳುತ್ತಾರೆ. ಈ ಗಾಡಿಯದ್ದು ಪಾಸಿಟಿವ್ ಅರ್ತಿಂಗ್. ಬಾಡಿಯ ತಗಡೇ ಬ್ಯಾಟರಿಯ ಪ್ಲಸ್. ಈಗಿನ ಸೆಟ್‌ಗಳ ಹೊರಕವಚ, ಆಂಟೆನಾದ ಬುಡ ಎಲ್ಲ ಮೈನಸ್. ಆಂಟೆನಾವನ್ನು ಫೆಂಡರ್‌ಗೆ ಬಿಗಿದ ಕೂಡಲೇ ನೇರ ಶಾರ್ಟ್. ಬ್ಲೂಟೂತ್ ಆಂಪ್ಲಿಫೈಯರ್‌ಗೆ ಈ ತಾಪತ್ರಯ ಇಲ್ಲ. ಫೋನಿಗೂ ಅದಕ್ಕೂ ತಂತಿಯ ನಂಟೇ ಇಲ್ಲವಲ್ಲ. ಅದನ್ನು ಪ್ಲಾಸ್ಟಿಕ್ ಡಬ್ಬಿಯಲ್ಲಿಟ್ಟು, ಪ್ಲಸ್ ವೈರನ್ನು ಬಾಡಿಗೆ, ಮೈನಸ್ ವೈರನ್ನು ಫ್ಯೂಸಿನ ಮೂಲಕ ಬ್ಯಾಟರಿಗೆ ಕೊಟ್ಟರೆ ಆಯ್ತು. ಸ್ಪೀಕರ್ ವೈರ್ ಮಾತ್ರ ಎಲ್ಲೂ ತಗಡಿಗೆ ತಾಗಬಾರದು.

"ಪೊಲಾರಿಟಿ ಉಲ್ಟಾ ಮಾಡಿಬಿಡೋಣ ಅಣ್ಣಾ, ಏನು ದೊಡ್ಡ ಕೆಲಸ" ಅಂದ ನಮ್ಮ ಆಟೋ ಎಲೆಕ್ಟ್ರೀಷಿಯನ್. ಮಾಡಬಹುದು, ನಿಜ. ಬ್ಯಾಟರಿ ವೈರ್ ಅದಲುಬದಲು ಮಾಡಿ, ಬ್ಯಾಟರಿ ಚಾರ್ಜ್ ಮಾಡುವ ಡೈನಮೋಗೆ ಹೊಸದಾಗಿ ಪೊಲಾರಿಟಿ ಕೊಟ್ಟು, ಪ್ಲಗ್ಗಿಗೆ ಕಿಡಿ ಕೊಡುವ ಇಗ್ನಿಷನ್ ಕಾಯಿಲ್‌ನ ವೈರ್ ತಿರುಗಿಸಬೇಕು. ಆದರೆ ನನ್ನದರಲ್ಲಿ ಇರುವುದು ಎಲೆಕ್ಟ್ರಾನಿಕ್ ಆರ್‌ಪಿಎಂ ಮೀಟರ್. ಅದರ ಹೊಟ್ಟೆ ಬಿಚ್ಚಿ ಒಳಗಿನ ವೈರಿಂಗ್ ಬದಲಿಸಬೇಕು. ಹಾಡಿಗೋಸ್ಕರ ಚೆನ್ನಾಗಿರುವ ಮೀಟರ್ ಬಿಚ್ಚುವುದು ನನಗಂತೂ ಸರಿ ಕಾಣಲಿಲ್ಲ. 1967ರ ಕೊನೆಗೆ ಬಂದ ಎಂಜಿಬಿ ಮಾರ್ಕ್ 2 ಇರುವವರಿಗೆ ಈ ಗೋಳಿಲ್ಲ. ಅದರಲ್ಲಿ ನೆಗೆಟಿವ್ ಅರ್ತಿಂಗ್, ಡೈನಮೋ ಬದಲು ಆಲ್ಟರ್ನೇಟರ್ ಎರಡೂ ಇವೆ.

ರೇಡಿಯೊ ಹಾಕಿಸದೆ ನನಗೆ ಆದ ನಷ್ಟ ಅಂದರೆ ಮಡಿಕೇರಿ ಆಕಾಶವಾಣಿ. 103.1 ಎಫ್‌ಎಂ ಈ ಗಾಡಿಯಲ್ಲಿ ಬರುವುದಿಲ್ಲ. ಆ್ಯಪ್‌ನಲ್ಲಿ ಕೇಳೋಣ ಅಂದರೆ ತೋಟದೊಳಗೆ ಸಿಗ್ನಲ್ ಇರಬೇಕಲ್ಲ! ಹಾಡುಗಳನ್ನು ಮನೆಯಲ್ಲೇ ಡೌನ್‌ಲೋಡ್ ಮಾಡಿಕೊಂಡು ಹೊರಡುತ್ತೇನೆ. ಫೋನ್ ಚಾರ್ಜ್ ಮಾಡೋಕೆ ಪವರ್ ಬ್ಯಾಂಕ್ ಇದೆ. ಈಗಿನ ಕಾರ್ ಚಾರ್ಜರನ್ನು ಇಂಥ ಗಾಡಿಯ ಹಳೆಯ ಸಾಕೆಟ್‌ಗೆ ಚುಚ್ಚಬೇಡಿ, ಪ್ಲಸ್ ಮೈನಸ್ ತಿರುಗಿ ಸುಟ್ಟು ಹೋಗುತ್ತದೆ.

ಹಾಕಿಸಿದ ಹೊಸದರಲ್ಲಿ ಹಾಡಿಗಿಂತ ಕರಕರ ಶಬ್ದವೇ ಜಾಸ್ತಿ ಇತ್ತು. ಮೂರು ಕಡೆಯಿಂದ ಬರುತ್ತಿತ್ತು: ಪ್ಲಗ್ಗು, ಡೈನಮೋ, ಮತ್ತೆ ಗಾಡಿಯ ಹಿಂಭಾಗದಲ್ಲಿರುವ, ಎಂಜಿನ್‌ಗೆ ಪೆಟ್ರೋಲ್ ಕಳಿಸುವ ಎಸ್‌ಯು ಕಂಪನಿಯ ಪಂಪು. ಆ ಪಂಪಿನೊಳಗೆ ಪಾಯಿಂಟ್ ಇದೆ, ಅಂದರೆ ಕೂಡಿ ಬಿಡುವ ಸ್ವಿಚ್ಚಿನಂಥದ್ದು. ಅದು ಟಿಕ್ ಅಂದಾಗಲೆಲ್ಲ ಸ್ಪೀಕರ್ ಕೂಡ ಟಿಕ್ ಅನ್ನುತ್ತಿತ್ತು. ಬಿಪಿ6ಇಎಸ್ ಪ್ಲಗ್ ತೆಗೆದು ರೆಸಿಸ್ಟರ್ ಇರುವ ಬಿಪಿಆರ್6ಇಎಸ್ ಹಾಕಿದೆವು. ಡೈನಮೋದ ದಪ್ಪ ವೈರಿನ ಟರ್ಮಿನಲ್‌ಗೆ ಕರಕರ ಅಡಗಿಸುವ ಕಂಡೆನ್ಸರ್ ಒಂದು, ಇಗ್ನಿಷನ್ ಕಾಯಿಲ್‌ಗೆ ಕರೆಂಟ್ ಬರುವ ಕಡೆ ಇನ್ನೊಂದು, ಪಂಪಿಗೆ ಮತ್ತೊಂದು. ಡೈನಮೋದ ಎಫ್ (ಫೀಲ್ಡ್) ಟರ್ಮಿನಲ್‌ಗೆ ಅಪ್ಪಿತಪ್ಪಿಯೂ ಕಂಡೆನ್ಸರ್ ಹಾಕಿಸಬೇಡಿ, ಚಾರ್ಜಿಂಗ್ ಹತೋಟಿಯಲ್ಲಿಡುವ ರೆಗ್ಯುಲೇಟರಿನ ಪಾಯಿಂಟ್ ಹಾಳಾಗುತ್ತದೆ. ಈಗ ಹಾಡು ನಿಂತಾಗ ಕಿವಿಗೊಟ್ಟರೆ ಮಾತ್ರ ಸಣ್ಣಗೆ ಒಂದು ಗುಂಯ್ ಕೇಳುತ್ತದೆ. ಆಂಪ್ಲಿಫೈಯರ್‌ಗೆ ಕೊಟ್ಟಿದ್ದಕ್ಕಿಂತ ಈ ಕೆಲಸದ ಕೂಲಿಗೇ ಜಾಸ್ತಿ ಹೋಯಿತು. ಹೋಗಲೇಬೇಕು. ಇದನ್ನು ಬಿಟ್ಟು ದುಬಾರಿ ಸ್ಪೀಕರ್ ತಂದರೆ ಆ ಕರಕರವೇ ಇನ್ನೂ ಸ್ಪಷ್ಟವಾಗಿ ಕೇಳುತ್ತದೆ, ಅಷ್ಟೇ.

ಕರೆಂಟಿನ ಲೆಕ್ಕವೂ ಇದೆ. ಲ್ಯೂಕಾಸ್ ಸಿ40 ಡೈನಮೋ ಕೊಡುವುದು ಹೆಚ್ಚೆಂದರೆ 22 ಆಂಪಿಯರ್, ಅದೂ ಎಂಜಿನ್ ಚೆನ್ನಾಗಿ ತಿರುಗುತ್ತಿದ್ದರೆ. ಐಡಲ್‌ನಲ್ಲಿ ಏನೂ ಇಲ್ಲ ಅಂತಲೇ ಇಟ್ಟುಕೊಳ್ಳಿ. ಸಂಪಾಜೆ ಘಾಟಿಯಲ್ಲಿ ಮಳೆ ಹಿಡಿದು, ಹೆಡ್‌ಲೈಟ್, ವೈಪರ್ ಎರಡೂ ಹಾಕಿದರೆ ಮಿಗುವುದು ಕಡಿಮೆ. ಅದಕ್ಕೇ ಕರೆಂಟ್ ಕಡಿಮೆ ಎಳೆಯುವ ಕ್ಲಾಸ್ ಡಿ ಆಂಪ್ಲಿಫೈಯರನ್ನೇ ಹಾಕಿಸಿದ್ದು. ಸಾಧಾರಣ ವಾಲ್ಯೂಮಿನಲ್ಲಿ ಒಂದೆರಡು ಆಂಪಿಯರ್ ಎಳೆದರೆ ಹೆಚ್ಚು. ಆನ್ ಮಾಡೋಕೆ ಡ್ಯಾಶ್ ಕೆಳಗೆ ಬೇರೆಯೇ ಸ್ವಿಚ್ ಇದೆ. ಯಾಕೆಂದರೆ ಎಂಜಿನ್ ಆಫ್ ಇದ್ದಾಗ ಇಗ್ನಿಷನ್ ಆನ್ ಮಾಡಿಟ್ಟು ಹಾಡು ಕೇಳಿದರೆ, ಡಿಸ್ಟ್ರಿಬ್ಯೂಟರ್ ಒಳಗಿನ ಪಾಯಿಂಟ್ ಕೂಡಿಕೊಂಡಿದ್ದರೆ ಇಗ್ನಿಷನ್ ಕಾಯಿಲ್ ಬಿಸಿಯಾಗಿ ಸುಡುತ್ತದೆ.

ಸದ್ದು ಹೇಗಿದೆ? ವಿರಾಜಪೇಟೆ ದಾರಿಯಲ್ಲಿ ಟಾಪ್ ಬಿಚ್ಚಿ ನಲವತ್ತರಲ್ಲಿ ಹೋಗುವಾಗ ಖುಷಿಯಾಗುತ್ತದೆ. ಅರವತ್ತು ದಾಟಿದರೆ ಗಾಳಿಯೂ ಸೈಲೆನ್ಸರೂ ಸೇರಿ ಎಲ್ಲ ನುಂಗಿಹಾಕುತ್ತವೆ. ಭಾವಗೀತೆ, ಹಳೆಯ ಚಿತ್ರಗೀತೆ, ಒಂದೇ ದನಿಯ ಹಾಡುಗಳು ಚೆನ್ನ. ಮದುವೆಯಲ್ಲಿ ಫೋನಿನಲ್ಲಿ ಹಿಡಿದಿಟ್ಟಿದ್ದ ವಾಲಗ ಹಾಕಿ ನೋಡಿದೆ: ಊದುವುದು ಕಿವಿ ಚುಚ್ಚುವಷ್ಟು ಕೇಳಿತು, ಡೋಲು ಎಲ್ಲೋ ಮಾಯ. ಸೀಟಿನ ಕೆಳಗೆ ಸಬ್‌ವೂಫರ್ ತೂರಿಸಿ ಅಂತ ಗೆಳೆಯರು ಹೇಳುತ್ತಾರೆ. ತಗ್ಗಿನ ಸೀಟು, ಅದರಡಿ ಜಾಗ ಎಲ್ಲಿದೆ? ಇದ್ದರೂ ಹಾಕಿಸುತ್ತಿರಲಿಲ್ಲ. ಸಿದ್ದಾಪುರದ ಕಡೆ ಸಂಜೆಯಾದ ಮೇಲೆ ನಾನು ಪೂರ್ತಿ ಆಫ್ ಮಾಡುತ್ತೇನೆ. ಪಕ್ಕದ ತೋಟದಲ್ಲಿ ಆನೆ ಕೊಂಬೆ ಮುರಿಯುವ ಸದ್ದು ಹಾಡಿಗಿಂತ ಮೊದಲು ಕೇಳಬೇಕು, ಅಲ್ವಾ?

ಇನ್ನು ಮಳೆ. ಗಾಡಿ ಶೆಡ್ಡಿನಲ್ಲೇ ಇದ್ದರೂ ಜುಲೈ ಹೊತ್ತಿಗೆ ರೆಕ್ಸಿನ್ ಮೇಲೆ ಬಿಳಿ ಬೂಸಲು, ವೈರ್ ಜೋಡಿಸಿದ ಕಡೆಯೆಲ್ಲ ಹಸಿರು ಕಿಲುಬು. ಈಗ ಪ್ರತಿ ಟರ್ಮಿನಲ್‌ಗೂ ವ್ಯಾಸಲೀನ್ ಬಳಿದಿದ್ದೇವೆ. ಆಂಪ್ಲಿಫೈಯರ್ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣ ಇರುತ್ತದೆ, ಮಳೆಗಾಲಕ್ಕೆ ಮೊದಲು ಬದಲಿಸುತ್ತೇನೆ. ಸ್ಪೀಕರ್ ಕೋನ್ ಪ್ಲಾಸ್ಟಿಕ್ಕಿನದ್ದು, ಅದಕ್ಕೇ ಉಳಿದಿದೆ. ಕಾಗದದ್ದಾಗಿದ್ದರೆ ಮೊದಲ ಮಳೆಗೇ ಉಬ್ಬುತ್ತಿತ್ತು. ಇಲಿಗಳು ಒಮ್ಮೆ ಸ್ಪೀಕರ್ ಹಿಂದಿನ ಹತ್ತಿ ಕಿತ್ತು ಗೂಡು ಕಟ್ಟಿದ್ದವು, ವೈರಿಗೆ ಪುಣ್ಯಕ್ಕೆ ಬಾಯಿ ಹಾಕಿರಲಿಲ್ಲ. ಈಗ ಹತ್ತಿಯೂ ಇಲ್ಲ, ಸದ್ದಿನಲ್ಲಿ ವ್ಯತ್ಯಾಸವೂ ಇಲ್ಲ.

ಬಲಗಡೆಯ ಸ್ಪೀಕರ್ ಮಾತ್ರ ಈ ಸಲ ಮಳೆ ನಿಂತ ಮೇಲೆ ಬದಲಿಸಬೇಕು. ಕೋನ್ ಸರಿಯಿದೆ, ಹಿಂದಿನ ಕಬ್ಬಿಣದ ಚೌಕಟ್ಟು ತುಕ್ಕು ಹಿಡಿದು ಉದುರುತ್ತಿದೆ. ವಿಂಡ್‌ಸ್ಕ್ರೀನ್ ಕೆಳಗಿನಿಂದ ಸೋರುವ ನೀರು ಅಲ್ಲಿಗೇ ಇಳಿಯುತ್ತದೆ. ದೋಣಿಗಳಿಗೆ ಹಾಕುವ ಪ್ಲಾಸ್ಟಿಕ್ ಚೌಕಟ್ಟಿನ ಸ್ಪೀಕರ್ ಅದೇ ಅಳತೆಯಲ್ಲಿ ಸಿಗುತ್ತದೆ, ಅದನ್ನೇ ತರಿಸುತ್ತಿದ್ದೇನೆ.